ಎದೆಹಾಲೂ ಡಬ್ಬಿ ಹಾಲೂ: ಎರಡನ್ನೂ ಕೊಡುವ ತಾಯಂದಿರ ಪ್ರಶ್ನೆ

ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ನೀರೂ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಬರಹದಿಂದ ಹಿಡಿದು ತಾಯಿ ಕಾರ್ಡಿನವರೆಗೆ ಎಲ್ಲೆಡೆ ಕಾಣುವ ಸಲಹೆ ಇದು. ಮನೆಗಳಲ್ಲಿ ನಡೆಯುವುದು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಕೂಸುಗಳಲ್ಲಿ ಎದೆಹಾಲನ್ನಷ್ಟೇ ಕುಡಿಯುತ್ತಿದ್ದವು ಶೇ. 63.7. ಉಳಿದವುಗಳಲ್ಲಿ ಬಹುಪಾಲು ಎದೆಹಾಲು ಬಿಟ್ಟವೇನೂ ಅಲ್ಲ. ಎದೆಹಾಲಿನ ಜೊತೆಗೆ ನೀರು, ಹಸುವಿನ ಹಾಲು, ಡಬ್ಬಿ ಹಾಲು, ರಾಗಿ ಸರಿ ಹೀಗೆ ಏನಾದರೊಂದು ಅವುಗಳ ಹೊಟ್ಟೆಗೆ ಹೋಗುತ್ತಿತ್ತು.

ಈ ಮನೆಗಳಿಗೆ 'ಕೊಡಬೇಡಿ' ಅನ್ನುವುದನ್ನು ಬಿಟ್ಟರೆ ಹೇಳಲು ನಮ್ಮ ಆರೋಗ್ಯ ವ್ಯವಸ್ಥೆಯ ಬಳಿ ಹೆಚ್ಚಿನ ಮಾತಿಲ್ಲ. ಕೊಡಲೇಬೇಕಾಗಿ ಬಂದಾಗ ಎಷ್ಟು, ಯಾವುದರಲ್ಲಿ, ಎಷ್ಟು ದಿನ ಎಂದು ತಾಯಂದಿರು ಅಕ್ಕಪಕ್ಕದವರನ್ನೂ ಮೊಬೈಲನ್ನೂ ಕೇಳಿಕೊಳ್ಳುತ್ತಾರೆ. ವಿಜ್ಞಾನಿಗಳ ನಡುವೆಯೂ ಇದು ಬಗೆಹರಿದ ವಿಷಯವಲ್ಲ. 'ಮಿಶ್ರ ಆಹಾರ' ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಂಗತಿಗಳನ್ನು ತುಂಬಿಟ್ಟಿರುವುದೇ ಗೊಂದಲಕ್ಕೆ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ. ಮೂರನೇ ದಿನ ಒಳಲೆಯಲ್ಲಿ ಕೊಟ್ಟ ಹತ್ತು ಮಿಲಿಲೀಟರ್ ಪುಡಿ ಹಾಲಿಗೂ, ಎರಡನೇ ತಿಂಗಳಲ್ಲಿ ಕೊಟ್ಟ ಗಂಜಿಗೂ, ಕೆಲಸಕ್ಕೆ ಮರಳಿದ ತಾಯಿ ಐದನೇ ತಿಂಗಳಲ್ಲಿ ಹಗಲಿಗೆಂದು ಬಿಟ್ಟುಹೋಗುವ ಬಾಟಲಿಗೂ ಒಂದೇ ತೀರ್ಪು ಹೊಂದುವುದಿಲ್ಲ.

ದಾದಿಯಿಂದ ಡಬ್ಬಿಗೆ

ತಾಯಿಯ ಹಾಲು ಸಾಲದಿದ್ದಾಗ ಏನು ಮಾಡಬೇಕೆಂಬ ಯೋಚನೆ ಬಹಳ ಹಳೆಯದು. ಆಯುರ್ವೇದದ ಗ್ರಂಥಗಳು ಹಾಲೂಡುವ ಧಾತ್ರಿಯ ಲಕ್ಷಣಗಳನ್ನು ವಿವರವಾಗಿ ಹೇಳುತ್ತವೆ. ಅವಳೂ ಸಿಗದಿದ್ದರೆ ಮೇಕೆಯ ಅಥವಾ ಹಸುವಿನ ಹಾಲು ಎನ್ನುತ್ತಾನೆ ಸುಶ್ರುತ. ನಮ್ಮ ಮನೆಗಳ ಒಳಲೆ, ಒಂದು ಕಡೆ ಮೂತಿ ಚಾಚಿಕೊಂಡ ಆ ಪುಟ್ಟ ಪಾತ್ರೆ, ಇದ್ದದ್ದೇ ಹೀಗೆ ಮೇಲಿಂದ ಹಾಲು ಕುಡಿಸಲು, ಔಷಧಿ ಹಾಕಲು.

ಕಾರ್ಖಾನೆಯ ಶಿಶು ಆಹಾರ ಶುರುವಾದದ್ದು ಯುರೋಪಿನಲ್ಲಿ. 1865ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಗೋಧಿ ಹಿಟ್ಟು, ಮೊಳಕೆ ಬಾರ್ಲಿಯ ಹಿಟ್ಟು ಮತ್ತು ಹಸುವಿನ ಹಾಲು ಸೇರಿಸಿ ಕೂಸುಗಳಿಗೊಂದು ಸೂಪು ತಯಾರಿಸಿದ. ಎರಡು ವರ್ಷಗಳ ಬಳಿಕ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದಲ್ಲಿ ಹೆನ್ರಿ ನೆಸ್ಲೆ ತನ್ನ ಹಾಲುಹಿಟ್ಟನ್ನು ಮಾರುಕಟ್ಟೆಗೆ ತಂದ. ಭಾರತದ ಅಧ್ಯಾಯದಲ್ಲಿ ಮೈಸೂರಿಗೊಂದು ಪಾಲಿದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುತ್ತದೆ, ಹಾಗಾಗಿ ಅದರಿಂದ ಶಿಶು ಆಹಾರ ಆಗದು ಎಂಬ ನಂಬಿಕೆ ಇದ್ದ ಕಾಲದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಅದನ್ನು ಸಾಧಿಸಿ ತೋರಿಸಿದರು. ಆ ತಂತ್ರಜ್ಞಾನ ಆನಂದ್ ಪಟ್ಟಣಕ್ಕೆ ಹೋಗಿ ಅಮುಲ್‌ನ ಶಿಶು ಆಹಾರವಾಯಿತು. ಆಮದಿನ ಡಬ್ಬಿಗಳ ಮೇಲಿನ ಅವಲಂಬನೆ ತಪ್ಪಿದ್ದು ದೇಶಕ್ಕೆ ಆಗ ಹೆಮ್ಮೆಯ ಸಂಗತಿಯೇ.

ಇನ್ನೊಂದು ಕಡೆ ಎಚ್ಚರಿಕೆಯ ದನಿಯೂ ಬೆಳೆಯುತ್ತಿತ್ತು. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಮಾತನಾಡಿದ ವೈದ್ಯೆ ಸಿಸಿಲಿ ವಿಲಿಯಮ್ಸ್, ಬಡ ತಾಯಂದಿರಿಗೆ ಡಬ್ಬಿ ಹಾಲಿನ ಆಸೆ ಹುಟ್ಟಿಸುವುದು ಕೊಲೆಗೆ ಸಮ ಎಂದು ನೇರವಾಗಿ ಹೇಳಿದರು. 1974ರಲ್ಲಿ ಬ್ರಿಟನ್ನಿನ ವಾರ್ ಆನ್ ವಾಂಟ್ ಸಂಸ್ಥೆ ಇದೇ ವಿಷಯದ ಮೇಲೆ ಮೈಕ್ ಮುಲ್ಲರ್ ಬರೆದ ಕಿರುಹೊತ್ತಗೆಯನ್ನು ಪ್ರಕಟಿಸಿತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರದ ಚಳವಳಿ ಎದ್ದಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಒಪ್ಪಿತು. ಪರವಾಗಿ 118 ಮತ, ವಿರುದ್ಧವಾಗಿ ಅಮೆರಿಕದ ಒಂದೇ ಒಂದು. ಭಾರತ 1992ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಇಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರ ಇಲ್ಲ, ಆಸ್ಪತ್ರೆಗೆ ಉಚಿತ ಸ್ಯಾಂಪಲ್ ಇಲ್ಲ. ನಮ್ಮ ಟಿ.ವಿ.ಯಲ್ಲಿ ಡಬ್ಬಿ ಹಾಲಿನ ಜಾಹೀರಾತು ಕಾಣದಿರುವುದು ಈ ಕಾನೂನಿನಿಂದ.

ಹಾಲು ಇಳಿಯುವ ಬಗೆ

ಮುಂದಿನ ವಾದಗಳೆಲ್ಲ ಒಂದು ದೇಹಧರ್ಮದ ಮೇಲೆ ನಿಂತಿವೆ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಕುಸಿಯುತ್ತದೆ, ಹಾಲು ಉತ್ಪತ್ತಿಗೆ ದಾರಿಯಾಗುತ್ತದೆ. ಮೊದಲ ಎರಡು ಮೂರು ದಿನ ಬರುವುದು ಮಂದವಾದ ಹಳದಿ ಗಿಣ್ಣುಹಾಲು, ಒಂದು ಸಲಕ್ಕೆ ಚಮಚೆಯಷ್ಟು. ಹುಟ್ಟಿದ ಕೂಸಿನ ಹೊಟ್ಟೆಗೂ ಆಗ ಅಷ್ಟೇ ಸಾಕು. ಮೂರು ನಾಲ್ಕನೇ ದಿನಕ್ಕೆ ಎದೆ ಭಾರವಾಗಿ ಹಾಲು ಇಳಿಯುತ್ತದೆ. ಚೊಚ್ಚಲ ಹೆರಿಗೆ, ಸಿಸೇರಿಯನ್, ಮಧುಮೇಹ, ಅತಿ ರಕ್ತಸ್ರಾವ ಇದ್ದಲ್ಲಿ ಇದು ಇನ್ನೂ ಒಂದೆರಡು ದಿನ ತಡವಾಗಬಹುದು. ಕರ್ನಾಟಕದಲ್ಲಿ ಮೂರು ಹೆರಿಗೆಗೆ ಹೆಚ್ಚುಕಡಿಮೆ ಒಂದು ಸಿಸೇರಿಯನ್ ಆಗುತ್ತಿರುವಾಗ ಈ ತಡ ಅಪರೂಪದ ಸಂಗತಿಯಲ್ಲ.

ಅಲ್ಲಿಂದ ಮುಂದೆ ಹಾಲಿನ ಪ್ರಮಾಣವನ್ನು ತೀರ್ಮಾನಿಸುವುದು ಎದೆ ಎಷ್ಟು ಸಲ ಖಾಲಿಯಾಗುತ್ತದೆ ಎಂಬುದು. ಒಳಗೆ ನಿಂತ ಹಾಲೇ ಹೊಸ ಹಾಲಿಗೆ ತಡೆ ಹಾಕುತ್ತದೆ. ಮೂರನೇ ರಾತ್ರಿ ಏನಾಗುತ್ತದೆ ನೋಡಿ. ಕೂಸು ಗಂಟೆಗೊಮ್ಮೆ ಎದ್ದು ಅಳುತ್ತಿದೆ. 'ಹಾಲು ಸಾಲ್ತಾ ಇಲ್ಲ ಕಣಮ್ಮಾ, ಒಂದು ಡಬ್ಬಿ ತರಿಸಿಬಿಡೋಣ' ಎನ್ನುತ್ತಾರೆ ಅಜ್ಜಿ. ಅರವತ್ತು ಮಿಲಿಲೀಟರ್ ಪುಡಿ ಹಾಲು ಒಳಗೆ ಹೋಗುತ್ತದೆ. ಕೂಸು ನಾಲ್ಕು ತಾಸು ನಿದ್ದೆ ಮಾಡುತ್ತದೆ, ಹೊಲಿಗೆ ನೋವಿನ ಬಾಣಂತಿಯೂ ಕಣ್ಣು ಮುಚ್ಚುತ್ತಾಳೆ. ಆ ನಾಲ್ಕು ತಾಸು ಎದೆಯನ್ನು ಯಾರೂ ಖಾಲಿ ಮಾಡಿಲ್ಲ. ಬೆಳಿಗ್ಗೆ ಎದೆ ಕಲ್ಲಿನಂತೆ ಗಟ್ಟಿಯಾಗಿದೆ, ತೊಟ್ಟು ಚಪ್ಪಟೆಯಾಗಿದೆ, ಬಾಟಲಿಯ ಸಲೀಸು ಕಂಡ ಕೂಸು ಬಾಯಿ ಹಾಕಲು ಒಲ್ಲೆ ಎನ್ನುತ್ತದೆ. ಇನ್ನೊಂದು ಬಾಟಲಿ ಬರುತ್ತದೆ. ವಾರ ಕಳೆಯುವುದರೊಳಗೆ ಹಾಲು ನಿಜಕ್ಕೂ ಕಡಿಮೆಯಾಗಿರುತ್ತದೆ, ಅಜ್ಜಿಯ ಮಾತೇ ಸರಿ ಎಂದು ಮನೆಯವರಿಗೆಲ್ಲ ಅನ್ನಿಸಿರುತ್ತದೆ. ಅಜ್ಜಿ ಹೇಳಿದ್ದರಲ್ಲಿ ಅಕ್ಕರೆಯೇ ಇತ್ತು. ಆ ರಾತ್ರಿ ಪಕ್ಕದಲ್ಲಿ ಕೂತು ಕೂಸನ್ನು ಎದೆಗೆ ಸರಿಯಾಗಿ ಹಚ್ಚಿಸುವ, ಕೈಯಿಂದ ಹಾಲು ಹಿಂಡುವುದು ಹೇಗೆಂದು ತೋರಿಸುವ ಒಬ್ಬರು ಇರಲಿಲ್ಲ, ಅಷ್ಟೆ.

'ಮಾತ್ರ' ಎನ್ನುವವರ ವಾದ

ಈ ದೇಹಧರ್ಮವನ್ನೇ ಹಿಡಿದು ಮೊದಲ ಪಂಥ ಹೇಳುತ್ತದೆ: ಆರು ತಿಂಗಳು ಬೇರೇನೂ ಬೇಡ. 1990ರಲ್ಲಿ ಇಟಲಿಯ ಫ್ಲಾರೆನ್ಸಿನ ಘೋಷಣೆ ನಾಲ್ಕರಿಂದ ಆರು ತಿಂಗಳು ಎಂದಿತ್ತು. ಮೈಕೆಲ್ ಕ್ರೇಮರ್ ಮತ್ತು ರಿತ್ಸುಕೊ ಕಾಕುಮ ನಡೆಸಿದ ಸಮಗ್ರ ಪರಿಶೀಲನೆಯ ಬಳಿಕ 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪೂರ್ತಿ ಆರು ತಿಂಗಳಿಗೆ ಏರಿಸಿತು.

ಈ ಪಂಥಕ್ಕೆ ದೊಡ್ಡ ಆಧಾರ ಬೆಲಾರುಸ್‌ನ ಅಧ್ಯಯನ. 31 ಹೆರಿಗೆ ಆಸ್ಪತ್ರೆಗಳು, 17,046 ತಾಯಿ–ಮಗು ಜೋಡಿಗಳು. ಎದೆಹಾಲಿಗೆ ಉತ್ತೇಜನ ಕೊಟ್ಟ ಆಸ್ಪತ್ರೆಗಳ ಕೂಸುಗಳಲ್ಲಿ ಮೂರು ತಿಂಗಳಿಗೆ ಶೇ. 43.3 ಎದೆಹಾಲು ಮಾತ್ರ ಕುಡಿಯುತ್ತಿದ್ದವು, ಉಳಿದ ಆಸ್ಪತ್ರೆಗಳಲ್ಲಿ ಶೇ. 6.4. ಮೊದಲ ವರ್ಷದಲ್ಲಿ ಹೊಟ್ಟೆಯ ಸೋಂಕು ಕಾಡಿದ ಕೂಸುಗಳು ಮೊದಲ ಗುಂಪಿನಲ್ಲಿ ಶೇ. 9.1, ಎರಡನೆಯದರಲ್ಲಿ ಶೇ. 13.2. ಇಲ್ಲೊಂದು ಸೂಕ್ಷ್ಮವನ್ನು ಬಹಳ ಜನ ಮರೆಯುತ್ತಾರೆ. ಈ ಅಧ್ಯಯನದ ತಾಯಂದಿರೆಲ್ಲರೂ ಎದೆಹಾಲು ಶುರುಮಾಡಿದವರೇ. ಆದ್ದರಿಂದ ಇದು ಎದೆಹಾಲಿಗೂ ಡಬ್ಬಿಗೂ ನಡುವಣ ಹೋಲಿಕೆಯಲ್ಲ, ಹೆಚ್ಚು ಎದೆಹಾಲಿಗೂ ಕಡಿಮೆ ಎದೆಹಾಲಿಗೂ ನಡುವಣ ಹೋಲಿಕೆ. ಎರಡನ್ನೂ ಕೊಡುವ ತಾಯಿಗೆ ಇದರಲ್ಲಿ ಎಚ್ಚರಿಕೆಯೂ ಇದೆ, ಧೈರ್ಯವೂ ಇದೆ.

'ಮಿಶ್ರ' ಎಂಬುದಕ್ಕೆ ಭಯದ ಬಣ್ಣ ಬಂದದ್ದು ದಕ್ಷಿಣ ಆಫ್ರಿಕದ ಡರ್ಬನ್‌ನಿಂದ. ಎಚ್‌ಐವಿ ಇದ್ದ ತಾಯಂದಿರ ಕೂಸುಗಳನ್ನು ಗಮನಿಸಿದ ಅನ್ನಾ ಕುಟ್ಸೂಡಿಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಲೆಕ್ಕ ವೈದ್ಯಲೋಕವನ್ನು ಅಲುಗಾಡಿಸಿತು. ಮೂರು ತಿಂಗಳ ಹೊತ್ತಿಗೆ ಸೋಂಕು ತಗುಲಿದ್ದು ಎದೆಹಾಲು ಕುಡಿಯದ ಕೂಸುಗಳಲ್ಲಿ ಶೇ. 18.8, ಎದೆಹಾಲು ಮಾತ್ರ ಕುಡಿದವುಗಳಲ್ಲಿ ಶೇ. 14.6, ಎರಡೂ ಸೇರಿದವುಗಳಲ್ಲಿ ಶೇ. 24.1. ಬೇರೆ ಆಹಾರ ಕರುಳಿನ ಒಳಪದರವನ್ನು ಕೆರಳಿಸಿ ವೈರಸ್ಸಿಗೆ ಬಾಗಿಲು ತೆರೆಯುತ್ತದೆ ಎಂಬುದು ಇದಕ್ಕೆ ಕೊಟ್ಟ ವಿವರಣೆ. ಆ ಕೂಸುಗಳಿಗೆ ಸಿಕ್ಕ 'ಬೇರೆ'ಯಲ್ಲಿ ಪುಡಿ ಹಾಲು ಮಾತ್ರವಲ್ಲ, ನೀರು ಮತ್ತು ಇತರ ಆಹಾರಗಳೂ ಇದ್ದವು. ಎಚ್‌ಐವಿಯ ಔಷಧಿ ಎಲ್ಲರಿಗೂ ತಲುಪತೊಡಗಿದ ಮೇಲೆ, 2016ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯೇ ಮಾತು ಬದಲಿಸಿತು: ತಾಯಿ ಚಿಕಿತ್ಸೆಯಲ್ಲಿದ್ದರೆ, ಎದೆಹಾಲನ್ನು ಪೂರ್ತಿ ಬಿಡುವುದಕ್ಕಿಂತ ಎರಡೂ ಕೊಡುವುದು ಮೇಲು. ಡರ್ಬನ್‌ನ ಭಯ ಮಾತ್ರ ಎಚ್‌ಐವಿ ಇಲ್ಲದ ತಾಯಂದಿರಿಗೂ ಇಂದಿಗೂ ಉಪದೇಶವಾಗಿ ತಲುಪುತ್ತಿದೆ. ಅದು ನ್ಯಾಯವಲ್ಲ.

ಹಸಿವನ್ನು ಮೊದಲು ನೋಡಿ ಎನ್ನುವವರು

ಎರಡನೆಯ ಪಂಥ ಇದಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟಿತು. 1991ರಲ್ಲಿ ಶುರುವಾದ 'ಶಿಶುಸ್ನೇಹಿ ಆಸ್ಪತ್ರೆ' ಕಾರ್ಯಕ್ರಮ, ವೈದ್ಯಕೀಯ ಕಾರಣವಿಲ್ಲದೆ ಎದೆಹಾಲಲ್ಲದೆ ಬೇರೇನೂ ಕೊಡಕೂಡದು ಎನ್ನುತ್ತದೆ. ಅದನ್ನು ಕುರುಡಾಗಿ ಪಾಲಿಸಿದ ಕಡೆ ಹಾಲು ತಡವಾಗಿ ಇಳಿದ ತಾಯಂದಿರ ಕೂಸುಗಳು ನಿರ್ಜಲೀಕರಣಕ್ಕೆ, ರಕ್ತದಲ್ಲಿ ಸೋಡಿಯಂ ಏರಿಕೆಗೆ, ಸಕ್ಕರೆ ಕುಸಿತಕ್ಕೆ ತುತ್ತಾಗಿ ಮರಳಿ ಆಸ್ಪತ್ರೆ ಸೇರುತ್ತಿವೆ ಎಂಬುದು ಇವರ ದೂರು. 2016ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಫೆಡ್ ಈಸ್ ಬೆಸ್ಟ್ ಸಂಸ್ಥೆ ಈ ದನಿಯ ಮುಂದಾಳು. ಏಪ್ರಿಲ್–ಮೇ ತಿಂಗಳ ಕಲಬುರಗಿ, ರಾಯಚೂರುಗಳ ಬಿಸಿಲು ಬಲ್ಲವರಿಗೆ ಈ ಆತಂಕ ಅತಿಯೆನಿಸದು. ಹುಟ್ಟುತೂಕದಲ್ಲಿ ಶೇ. 7ರಿಂದ 10ರವರೆಗೆ ಇಳಿಕೆ ಸಹಜ, ಎರಡು ವಾರದೊಳಗೆ ಅದು ಮರಳಬೇಕು. ಅದಕ್ಕಿಂತ ಇಳಿದರೆ ಕಾಯುತ್ತ ಕೂರುವುದು ತಪ್ಪು.

ಕ್ಯಾಲಿಫೋರ್ನಿಯದ ವೈದ್ಯೆ ವ್ಯಾಲೆರಿ ಫ್ಲಾಹರ್ಮನ್ 2013ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪಂಥಕ್ಕೆ ಬಲ ಕೊಟ್ಟಿತು. ತೂಕ ಶೇ. 5ಕ್ಕಿಂತ ಇಳಿದ 40 ಕೂಸುಗಳಲ್ಲಿ ಒಂದು ಗುಂಪಿಗೆ, ಪ್ರತಿ ಸಲ ಎದೆಹಾಲು ಕುಡಿದಾದ ಮೇಲೆ, ಹತ್ತೇ ಮಿಲಿಲೀಟರ್ ಪುಡಿ ಹಾಲನ್ನು ಸಿರಿಂಜಿನಲ್ಲಿ ಕೊಟ್ಟು, ತಾಯಿಗೆ ಹಾಲು ಇಳಿದೊಡನೆ ನಿಲ್ಲಿಸಿದರು. ಮೂರು ತಿಂಗಳಿಗೆ ಆ ಗುಂಪಿನಲ್ಲಿ ಶೇ. 79 ಎದೆಹಾಲು ಮಾತ್ರ ಕುಡಿಯುತ್ತಿದ್ದವು, ಇನ್ನೊಂದರಲ್ಲಿ ಶೇ. 42. ಸಾಲದೆಂಬ ಆತಂಕ ನೀಗಿದ್ದರಿಂದ ತಾಯಂದಿರು ಎದೆಹಾಲು ಬಿಡಲಿಲ್ಲ ಎಂಬ ವ್ಯಾಖ್ಯಾನ ಬಂತು. ಆದರೆ 164 ಕೂಸುಗಳ ಮುಂದಿನ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ವರ್ಷ ತುಂಬುವಾಗ ಪುಡಿ ಹಾಲು ಪಡೆದ ಗುಂಪಿನಲ್ಲಿ ಎದೆಹಾಲು ಕುಡಿಯುತ್ತಿದ್ದವರು ಕಡಿಮೆಯೇ ಇದ್ದರು. ಸಣ್ಣ ಅಧ್ಯಯನದ ದೊಡ್ಡ ಫಲಿತಾಂಶವನ್ನು ಹೇಗೆ ಓದಬೇಕೆಂಬುದಕ್ಕೆ ಇದು ಪಾಠ.

ಆದರೂ ಆ ಪ್ರಯೋಗದ ವಿಧಾನದಲ್ಲಿ ಉಳಿಸಿಕೊಳ್ಳುವಂಥದ್ದು ಇದೆ: ಮೊದಲು ಎದೆ, ಆಮೇಲೆ ಅಳತೆಯ ಮೇಲುಹಾಲು, ಯಾವಾಗ ನಿಲ್ಲಿಸಬೇಕೆಂಬುದು ಮೊದಲೇ ಗೊತ್ತು. ಅದು ಚಿಕಿತ್ಸೆ. ಮೂರನೇ ರಾತ್ರಿಯ ಅರವತ್ತು ಮಿಲಿಲೀಟರಿಗೆ ಈ ಮೂರೂ ಇರುವುದಿಲ್ಲ. ಹಾಗೆ ಕೊಡಬೇಕಾಗಿ ಬಂದಾಗಲೂ ತಾಯಿಯೇ ಹಿಂಡಿದ ಹಾಲು ಮೊದಲ ಆಯ್ಕೆ, ಬೇರೆ ತಾಯಂದಿರು ದಾನ ಕೊಟ್ಟ ಹಾಲು ಎರಡನೆಯದು, ಡಬ್ಬಿ ಆಮೇಲೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಕಟ್ಟಿದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಈಗ ಅಂಥ ಬ್ಯಾಂಕಿದೆ. ಈ ಹಾಲು ಮೊದಲು ಸಲ್ಲುವುದು ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ, ಸಲ್ಲಬೇಕಾದದ್ದೂ ಅವಕ್ಕೇ.

ಎಷ್ಟಾದರೂ ಸರಿ, ಇರಲಿ ಎನ್ನುವವರು

ಮೂರನೆಯ ಪಂಥಕ್ಕೆ ಪ್ರಮಾಣವೇ ಮುಖ್ಯ. ಪೂರ್ತಿ ಅಥವಾ ಏನೂ ಇಲ್ಲ ಎಂಬ ಎರಡೇ ಆಯ್ಕೆ ಮುಂದಿಟ್ಟರೆ, ಒಂದು ಬಾಟಲಿ ಕೊಟ್ಟ ತಾಯಿ 'ಹೇಗೂ ಕೆಟ್ಟಿತು' ಎಂದು ಎದೆಹಾಲನ್ನೇ ಬಿಡುತ್ತಾಳೆ ಎಂಬುದು ಇವರ ಕಳವಳ. ಸೋಂಕಿನಿಂದ ಸಿಗುವ ರಕ್ಷಣೆ ಎದೆಹಾಲಿನ ಪಾಲು ಹೆಚ್ಚಿದಂತೆ ಹೆಚ್ಚುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಅರ್ಧ ಎದೆಹಾಲು ಶೂನ್ಯಕ್ಕಿಂತ ಮೇಲು.

ಥೈರಾಯ್ಡ್ ತೊಂದರೆ ಇದ್ದವರು, ಸ್ತನದ ಶಸ್ತ್ರಚಿಕಿತ್ಸೆ ಆದವರು, ಹಾಲಿನ ಗ್ರಂಥಿಗಳೇ ಕಡಿಮೆ ಬೆಳೆದವರು, ಅವಳಿ ಹೆತ್ತವರು ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಎಲ್ಲ ತಿಂದೂ ಕೂಸಿಗೆ ಪೂರ್ತಿ ಹಾಲು ಕೊಡಲಾಗದೆ ಹೋಗಬಹುದು. ಸಂಖ್ಯೆಯಲ್ಲಿ ಇವರು ಕಡಿಮೆ. ಆದರೆ 'ಇನ್ನೂ ಪ್ರಯತ್ನಿಸಿ' ಎಂಬ ಮಾತಿನಿಂದ ಅತಿ ಹೆಚ್ಚು ನೊಂದವರು ಇವರೇ. ಕೆಲಸಕ್ಕೆ ಮರಳುವ ತಾಯಿಯ ಸ್ಥಿತಿ ಬೇರೆ. ಮೊದಲ ಆರೆಂಟು ವಾರ ಚೆನ್ನಾಗಿ ಕುಡಿಸಿ ಹಾಲು ನೆಲೆನಿಂತಿದ್ದರೆ, ಹಗಲು ಒಂದೆರಡು ಸಲ ಪುಡಿ ಹಾಲು, ಬೆಳಗು ಸಂಜೆ ರಾತ್ರಿ ಎದೆಹಾಲು ಎಂಬ ಏರ್ಪಾಡು ತಿಂಗಳುಗಟ್ಟಲೆ ನಡೆಯಬಲ್ಲದು. ದೇಹ ಹೊಸ ಬೇಡಿಕೆಗೆ ಹೊಂದಿಕೊಳ್ಳುತ್ತದೆ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚು, ಹಾಗಾಗಿ ರಾತ್ರಿಯ ಹಾಲನ್ನು ಬಿಡದಿರುವುದು ಈ ಏರ್ಪಾಡಿನ ಜೀವಾಳ.

ಕಂಪನಿ, ರಜೆ, ಕುಡಿಯುವ ನೀರು

ನಾಲ್ಕನೆಯ ಪಂಥ ಚರ್ಚೆಯನ್ನು ತಾಯಿಯ ಎದೆಯಿಂದ ಎತ್ತಿ ಸಮಾಜದ ಮೇಲಿಡುತ್ತದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದು. 2023ರ ಲ್ಯಾನ್ಸೆಟ್ ಲೇಖನಮಾಲೆ, ಕೂಸಿನ ಸಹಜ ಅಳು, ನಿದ್ದೆಗೇಡುಗಳನ್ನೇ ರೋಗವೆಂಬಂತೆ ಬಿಂಬಿಸಿ ಕಂಪನಿಗಳು ಡಬ್ಬಿಯನ್ನು ಪರಿಹಾರವಾಗಿ ಮಾರುವ ಬಗೆಯನ್ನು ಬಿಡಿಸಿಟ್ಟಿತು. 2017ರ ತಿದ್ದುಪಡಿಯಿಂದ ನಮ್ಮ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಸಲಹೆಯ ಆರು ತಿಂಗಳಿಗೆ ಸರಿಸಮ. ಆದರೆ ಅದು ಸಿಗುವುದು ಸಂಘಟಿತ ವಲಯದವರಿಗೆ. ಮನೆಗೆಲಸದವರು, ಕಟ್ಟಡ ಕೂಲಿಯವರು, ಹೊಲದಲ್ಲಿ ದುಡಿಯುವವರಿಗೆ ಅದು ದೂರ. ಬಹುಪಾಲು ತಾಯಂದಿರಿಗೆ ರಜೆಯೇ ಇಲ್ಲದ ದೇಶದಲ್ಲಿ ಮಿಶ್ರ ಹಾಲನ್ನು ತಾಯಿಯ ಆಯ್ಕೆ ಎಂದು ಕರೆದು ಅವಳನ್ನು ಹೊಣೆ ಮಾಡುವುದು ಸರಿಯಲ್ಲ.

ಡಬ್ಬಿಯ ಅಪಾಯವೂ ಅದನ್ನು ಕಲಸುವ ಅಡುಗೆಮನೆಗೆ ತಕ್ಕಂತೆ ಬದಲಾಗುತ್ತದೆ. ಪುಡಿ ಹಾಲು ಪೂರ್ತಿ ಕ್ರಿಮಿರಹಿತವಲ್ಲ. ಅಪರೂಪಕ್ಕೆ ಅದರಲ್ಲಿ ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಇರಬಹುದು, ಎಳೆಗೂಸಿನ ಮಿದುಳಿನ ಪೊರೆಗೆ ಸೋಂಕು ತರಬಹುದು. ಅದಕ್ಕಾಗಿಯೇ ಕುದಿಸಿ ಇಳಿಸಿದ ನೀರು 70 ಡಿಗ್ರಿಗಿಂತ ಆರುವ ಮುಂಚೆ, ಅಂದರೆ ಅರ್ಧ ತಾಸಿನೊಳಗೆ, ಪುಡಿ ಹಾಕಬೇಕು. ಆಮೇಲೆ ಕೂಸಿಗೆ ತಕ್ಕಷ್ಟು ಆರಿಸಿ ಕೊಡಬೇಕು. ಕಲಸಿ ಎರಡು ತಾಸು ಕಳೆದದ್ದನ್ನು ಚೆಲ್ಲಬೇಕು. ಪುಡಿ ಅಳೆಯುವುದು ಡಬ್ಬಿಯೊಳಗಿನ ಚಮಚೆಯಲ್ಲೇ, ತಲೆ ಸಮ ಮಾಡಿ. ಪೂರ್ತಿ ಡಬ್ಬಿಯನ್ನೇ ನೆಚ್ಚಿದ ಮೂರು ತಿಂಗಳ ಕೂಸಿಗೆ 400 ಗ್ರಾಂ ಪುಡಿ ನಾಲ್ಕು ದಿನಕ್ಕಿಂತ ಹೆಚ್ಚು ಬರುವುದಿಲ್ಲ. ತಿಂಗಳ ಕೊನೆಯಲ್ಲಿ ನೀರು ಹೆಚ್ಚಿಸಿ ಡಬ್ಬಿಯನ್ನು ಎಳೆಯುವ ಬಡ ಮನೆಗಳ ಲೆಕ್ಕ ಇಲ್ಲಿ ಶುರುವಾಗುತ್ತದೆ, ಕೂಸು ಸೊರಗುವುದೂ ಇಲ್ಲೇ. ಬಾಟಲಿಯ ನಿಪ್ಪಲ್ಲಿನ ಸಂದುಗಳಿಗಿಂತ ಒಳಲೆ, ಲೋಟಗಳನ್ನು ತೊಳೆದು ಕುದಿಸುವುದು ಸುಲಭ ಎಂಬ ಕಾರಣಕ್ಕೆ ವೈದ್ಯರೂ ಅವನ್ನೇ ಹೇಳುತ್ತಾರೆ. ಹಾಲು ಸಾಲುತ್ತಿದೆಯೇ ಎಂದು ನೋಡಲು ಅಳುವನ್ನು ಎಣಿಸಬೇಕಿಲ್ಲ. ಐದನೇ ದಿನದಿಂದ ಇಪ್ಪತ್ನಾಲ್ಕು ತಾಸಿನಲ್ಲಿ ಆರು ಸಲ ಬಟ್ಟೆ ಚೆನ್ನಾಗಿ ಒದ್ದೆಯಾಗುತ್ತಿದ್ದು, ತಕ್ಕಡಿಯಲ್ಲಿ ತೂಕ ಏರುತ್ತಿದ್ದರೆ ಸಾಕು.

ಇನ್ನೂ ಬಗೆಹರಿಯದವು

ಎಲ್ಲಕ್ಕಿಂತ ಸಿಕ್ಕಾಗಿರುವುದು ಅಲರ್ಜಿಯ ಪ್ರಶ್ನೆ. 2019ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ, ಹುಟ್ಟಿದ ಮೊದಲ ಮೂರು ದಿನವಾದರೂ ಹಸುವಿನ ಹಾಲಿನ ಪುಡಿಯನ್ನು ತಪ್ಪಿಸಿದ ಕೂಸುಗಳಲ್ಲಿ ಎರಡು ವರ್ಷಕ್ಕೆ ಹಸುವಿನ ಹಾಲಿಗೆ ದೇಹ ಸಿಡುಕುವ ಪ್ರಮಾಣ ಶೇ. 16.8, ತಪ್ಪಿಸದವುಗಳಲ್ಲಿ ಶೇ. 32.2. ಮರುವರ್ಷವೇ ಅದೇ ದೇಶದ ಒಕಿನಾವದಿಂದ ಬಂದ ಇನ್ನೊಂದು ಪ್ರಯೋಗ ತಿರುವುಮುರುವು ಹೇಳಿತು: ಎರಡನೇ ತಿಂಗಳಲ್ಲಿ ದಿನಕ್ಕೆ ಹತ್ತು ಮಿಲಿಲೀಟರಾದರೂ ಪುಡಿ ಹಾಲು ಕೊಟ್ಟರೆ ಆರು ತಿಂಗಳಿಗೆ ಹಾಲಿನ ಅಲರ್ಜಿ ಶೇ. 0.8, ಕೊಡದಿದ್ದರೆ ಶೇ. 6.8. ಮೊದಲ ದಿನಗಳಲ್ಲಿ ಕೊಟ್ಟು ಆಮೇಲೆ ಪೂರ್ತಿ ನಿಲ್ಲಿಸುವುದರಲ್ಲೇ ತೊಂದರೆ ಇದೆ ಎಂಬ ಊಹೆ ಈ ಎರಡನ್ನೂ ಹೊಂದಿಸಬಲ್ಲದು. ಅದು ನಿಜವಾದರೆ, ಎದೆಹಾಲನ್ನು ಉಳಿಸಲು ಹೇಳುವ 'ಸ್ವಲ್ಪ ದಿನ ಕೊಟ್ಟು ನಿಲ್ಲಿಸಿ' ಎಂಬ ಸಲಹೆಯೇ ಅಲರ್ಜಿಯ ದೃಷ್ಟಿಯಿಂದ ಕೆಟ್ಟದ್ದಾಗುತ್ತದೆ. ಈ ಎರಡು ಗುರಿಗಳನ್ನು ಒಟ್ಟಿಗೆ ಹೇಗೆ ಸಾಧಿಸಬೇಕೆಂಬುದು ಇತ್ಯರ್ಥವಾಗಿಲ್ಲ.

ಬುದ್ಧಿಬೆಳವಣಿಗೆಯ ಮಾತೂ ಹಾಗೆಯೇ. ಬೆಲಾರುಸ್‌ನ ಮಕ್ಕಳಿಗೆ ಆರೂವರೆ ವರ್ಷವಾದಾಗ ಕಂಡ ಬುದ್ಧ್ಯಂಕದ ವ್ಯತ್ಯಾಸ ಹದಿಹರೆಯದ ಹೊತ್ತಿಗೆ ಬಹಳಮಟ್ಟಿಗೆ ಮಾಸಿತ್ತು. ಕರುಳಿನ ಬಿಫಿಡೊ ಬ್ಯಾಕ್ಟೀರಿಯಗಳ ಸಮತೋಲ ಎಷ್ಟು ಪುಡಿ ಹಾಲಿಗೆ ಕದಡುತ್ತದೆ, ಎದೆಹಾಲು ಮುಂದುವರಿದರೆ ಎಷ್ಟು ಬೇಗ ಮರಳುತ್ತದೆ, ಮರಳಿದ ಮೇಲೆ ಏನಾದರೂ ಹಾನಿ ಉಳಿಯುತ್ತದೆಯೇ ಎಂಬುದಕ್ಕೆ ಒಪ್ಪಿತವಾದ ಉತ್ತರವಿಲ್ಲ.

ಭಾರತದ ಮಟ್ಟಿಗೆ ಮೊದಲ ತೊಡಕು ಎಣಿಕೆಯಲ್ಲೇ ಇದೆ. ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವುದು ಕಳೆದ ಇಪ್ಪತ್ನಾಲ್ಕು ತಾಸಿನಲ್ಲಿ ಕೂಸು ಏನು ಕುಡಿಯಿತು ಎಂದು. ಹುಟ್ಟಿದ ವಾರ ಡಬ್ಬಿ ಹಾಲು ಕುಡಿದು ಎದೆಗೆ ಮರಳಿದ ಕೂಸು ಅದರಲ್ಲಿ 'ಎದೆಹಾಲು ಮಾತ್ರ'ದ ಲೆಕ್ಕಕ್ಕೆ ಸೇರುತ್ತದೆ. ನಾಲ್ಕು ತಿಂಗಳು ಎದೆಹಾಲನ್ನಷ್ಟೇ ಕುಡಿದು ನಿನ್ನೆ ನೀರು ಕುಡಿದ ಕೂಸು ಆ ಲೆಕ್ಕದಿಂದ ಹೊರಬೀಳುತ್ತದೆ. ವೈದ್ಯರು ಬರೆದುಕೊಟ್ಟದ್ದೋ, ಮನೆಯವರು ತಂದದ್ದೋ, ಕೆಲಸಕ್ಕೆ ಹೋಗಬೇಕಾದ್ದರಿಂದ ಶುರುವಾದದ್ದೋ ಎಂಬುದೂ ಆ ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಇವನ್ನು ಬಿಡಿಸಿ ಕೇಳುವವರೆಗೆ ಯಾವ ತಾಯಿಗೆ ರಜೆ ಬೇಕು, ಯಾರಿಗೆ ವಾರ್ಡಿನಲ್ಲಿ ಜೊತೆ ಕೂರುವವರು ಬೇಕು, ಯಾರಿಗೆ ನಿಜವಾಗಿ ಡಬ್ಬಿಯೇ ಬೇಕು ಎಂದು ಬೇರ್ಪಡಿಸಿ ಹೇಳಲು ಆಗುವುದಿಲ್ಲ.